ಚಿಕ್ಕಮಗಳೂರಿನ ಗಿರಿಗಳಿಗೆ ಯಾವಾಗ ಬರಬೇಕು, ಏನು ನೋಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮೂಡಿಗೆರೆ ಸೀಮೆಯಲ್ಲಿ. ಕಾಫಿ ತೋಟದ ಬೇಲಿ ದಾಟಿದರೆ ಕಾಡು, ಕಾಡು ದಾಟಿದರೆ ಹುಲ್ಲಿನ ಗುಡ್ಡ. ನೆಂಟರು, ನೆಂಟರ ಸ್ನೇಹಿತರು, ಅವರ ಆಫೀಸಿನವರು ಅಂತ ವರ್ಷವಿಡೀ ಫೋನ್ ಬರುತ್ತಿರುತ್ತದೆ. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿ ಗಿರಿ ಅಂದಾಗಲೆಲ್ಲ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಇರುವ ಚಂದ್ರದ್ರೋಣ ಸಾಲು, ಜೊತೆಗೆ ಮೂಡಿಗೆರೆ ಮತ್ತು ಕುದುರೆಮುಖದ ಕಡೆಯ ಗುಡ್ಡಗಳು ಅಂತ ತಿಳಿಯಿರಿ.

ಬರೋಕೆ ಯಾವ ತಿಂಗಳು ಒಳ್ಳೆಯದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ: ನಿಮಗೆ ಏನು ನೋಡಬೇಕು?

ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರ ಮಳೆ ಹಿಡಿಯುತ್ತದೆ. ಅಲ್ಲಿಂದ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ, ಅಂದರೆ ಆಗಸ್ಟ್ ಮಧ್ಯದವರೆಗೆ, ಇಲ್ಲಿ ಮಳೆಯದೇ ಕಾರುಬಾರು. ಆಗ ದೂರದ ನೋಟ ಸಿಗುವುದಿಲ್ಲ. ಹತ್ತಿರದ ನೋಟ ಸಿಗುತ್ತದೆ: ಕಪ್ಪೆ, ಪಾಚಿ, ಅಣಬೆ, ಮರದ ಮೇಲಿನ ಜರಿಗಿಡ, ಬಂಡೆ ಬಂಡೆಗೂ ಒಂದು ಜಲಪಾತ. ಮಖೆ, ಹುಬ್ಬೆ, ಉತ್ತರೆ ಮಳೆಗಳ ಹೊತ್ತಿಗೆ ಬಿಸಿಲು ಮಳೆ ಕಣ್ಣಾಮುಚ್ಚಾಲೆ ಆಡುತ್ತವೆ. ಗುಡ್ಡದ ಹೂಗಳಿಗೆ ಅದೇ ಹಬ್ಬದ ಕಾಲ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹುಲ್ಲು ಇನ್ನೂ ಹಸಿರು, ಆಕಾಶ ತಿಳಿ, ನಡೆಯಲು ಹಿತ. ಬಹಳ ಜನಕ್ಕೆ ನಾನು ಹೇಳುವುದು ಈ ಕಾಲವನ್ನೇ. ಜನವರಿ, ಫೆಬ್ರವರಿಯಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಬೆಳಗಿನ ಚಳಿ ಮೂಳೆಗೆ ತಾಗುತ್ತದೆ, ಹಕ್ಕಿ ನೋಡಲು ಇದಕ್ಕಿಂತ ಚೆನ್ನಾದ ಕಾಲ ಇಲ್ಲ.

ಮಾರ್ಚ್, ಏಪ್ರಿಲ್ ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ. ಆದರೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುವುದು ಆಗಲೇ. ಇಡೀ ತೋಟಕ್ಕೆ ತೋಟವೇ ಒಂದೇ ಬೆಳಿಗ್ಗೆ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಮನೆಯೊಳಗೆ ಬಂದು ಕೂರುತ್ತದೆ. ಮೂರು ನಾಲ್ಕು ದಿನ ಅಷ್ಟೇ. ಮಳೆ ಯಾವತ್ತು ಬೀಳುತ್ತದೋ ಅದರ ಲೆಕ್ಕ, ಮೊದಲೇ ದಿನಾಂಕ ಹೇಳಲು ಬರುವುದಿಲ್ಲ.

ಮೇ ಕೊನೆಯಲ್ಲಿ, ಮುಂಗಾರಿಗೆ ಸ್ವಲ್ಪ ಮೊದಲು, ಮಿಣುಕುಹುಳದ ಕಾಲ. ಕತ್ತಲಾದ ಮೇಲೆ ಮರಕ್ಕೆ ಮರವೇ ಹೊತ್ತಿ ಆರುತ್ತದೆ. ಕಾರಿನ ಲೈಟು, ಟಾರ್ಚು ಎಲ್ಲ ಆರಿಸಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಅವು ಬೆಳಕಿನಲ್ಲೇ ಜೊತೆಯನ್ನು ಕರೆಯುವುದು, ನಮ್ಮ ಲೈಟು ಬಿದ್ದರೆ ಆ ಕರೆ ಕೆಡುತ್ತದೆ.

ಎರಡೇ ದಿನ ಇದೆ. ಎಲ್ಲ ಜಾಗ ನೋಡಬಹುದಾ?

ನೋಡಬಹುದು, ಕಾರಿನ ಕಿಟಕಿಯಿಂದ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ದೇವರಮನೆ, ಎತ್ತಿನ ಭುಜ ಅಂತ ಪಟ್ಟಿ ಹಿಡಿದು ಬಂದವರು ದಿನದ ಅರ್ಧ ಟ್ರಾಫಿಕ್ಕಿನಲ್ಲಿ ಕಳೆಯುವುದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಒಂದು ದಿನಕ್ಕೆ ಒಂದು ಗುಡ್ಡ ಸಾಕು. ಬೆಳಿಗ್ಗೆ ಆರೂವರೆಗೆ ಹೆಜ್ಜೆ ಹಾಕಿ, ಹನ್ನೊಂದಕ್ಕೆ ಇಳಿದುಬಿಡಿ. ಸಂಜೆ ಹಳ್ಳದ ದಡದಲ್ಲೋ ತೋಟದ ದಾರಿಯಲ್ಲೋ ಒಂದು ಗಂಟೆ ಕೂತುಕೊಳ್ಳಿ. ಹೀಗೆ ನೋಡಿದ್ದೇ ಮನಸ್ಸಿನಲ್ಲಿ ಉಳಿಯುತ್ತದೆ.

ಮುಳ್ಳಯ್ಯನಗಿರಿ ಹತ್ತುವುದು ಕಷ್ಟವಾ?

ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಆದರೆ ತುದಿಯ ಹತ್ತಿರದವರೆಗೂ ರಸ್ತೆ ಇದೆ, ಆಮೇಲೆ ಮೆಟ್ಟಿಲು. ಹಾಗೆ ಹೋದರೆ ಯಾರಿಗೂ ಕಷ್ಟವಿಲ್ಲ. ಮೇಲೆ ಮುಳ್ಳಪ್ಪಸ್ವಾಮಿಯ ಗದ್ದುಗೆ ಇರುವ ದೇವಸ್ಥಾನ ಇದೆ.

ನಡೆಯುವ ಆಸೆ ಇದ್ದವರು ಕೆಳಗಿನಿಂದ ಸರ್ಪದಾರಿಯಲ್ಲಿ ಹತ್ತಿ. ಹೆಸರೇ ಹೇಳುವ ಹಾಗೆ ಗುಡ್ಡದ ಏಣಿನ ಮೇಲೆ, ಅಂದರೆ ಅದರ ಬೆನ್ನಿನಂಥ ಅಂಚಿನ ಮೇಲೆ, ಹಾವಿನಂತೆ ಸುತ್ತಿ ಹೋಗುವ ಕಾಲುದಾರಿ. ನಿಧಾನಕ್ಕೆ ಹತ್ತಿದರೆ ಎರಡು ಗಂಟೆ. ಕೆಲವು ಕಡೆ ಬಹಳ ಕಡಿದು, ಎರಡೂ ಪಕ್ಕ ಇಳಿಜಾರು, ನೆರಳು ಎಲ್ಲೂ ಇಲ್ಲ. ಗಾಳಿ ಎಂಥದ್ದು ಅಂದರೆ ಟೋಪಿಯನ್ನು ಕೈಯಲ್ಲಿ ಹಿಡಿದೇ ನಡೆಯಬೇಕು.

ಶನಿವಾರ, ಭಾನುವಾರ ದಯವಿಟ್ಟು ಬೇಡ. ಈಗ ಗಿರಿಗೆ ಬರುವ ವಾಹನಗಳಿಗೆ ಮಿತಿ ಹಾಕಿ, ಮುಂಗಡ ಬುಕಿಂಗ್ ಮಾಡಿಸಿಕೊಂಡೇ ಬಿಡುತ್ತಾರೆ. ಡಿಸೆಂಬರಿನಲ್ಲಿ ದತ್ತ ಜಯಂತಿಯ ಸಮಯದಲ್ಲಿ ಕೆಲವು ದಿನ ಪ್ರವಾಸಿಗರನ್ನು ಬಿಡುವುದೇ ಇಲ್ಲ. ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ.

ಕುದುರೆಮುಖಕ್ಕೆ ಅನುಮತಿ ಬೇಕಾ?

ಬೇಕು. ಅದು 1987ರಿಂದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು, ಗುರುತಿನ ಚೀಟಿ ತರಬೇಕು, ಗೈಡ್ ಜೊತೆ ಹೋಗಬೇಕು. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇರುವುದರಿಂದ ರಜೆಯ ದಿನಗಳು ಬೇಗ ತುಂಬಿಹೋಗುತ್ತವೆ.

ಸಂಸೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ನಡಿಗೆ. ಹೋಗಿ ಬರಲು ಸುಮಾರು 20 ಕಿಲೋಮೀಟರ್, ಇಡೀ ದಿನದ ಕೆಲಸ. ನಾಲ್ಕೈದು ಹಳ್ಳ ದಾಟಬೇಕು, ಗುಡ್ಡದ ಮಡಿಕೆಗಳಲ್ಲಿ ಗಿಡ್ಡ ಮರಗಳು ಬೆಳೆದ ಶೋಲಾ ಕಾಡಿನ ಒಳಗೆ ಹೊಕ್ಕು ಹುಲ್ಲಿನ ಏಣಿನ ಮೇಲೆ ಹತ್ತಬೇಕು. ನಡುವೆ ಒಂಟಿಮರ ಅಂತ ಒಂದು ಜಾಗ ಸಿಗುತ್ತದೆ, ಅಲ್ಲಿ ಎಲ್ಲರೂ ಕೂತು ಉಸಿರು ತಗೊಳ್ಳುತ್ತಾರೆ. ಉದ್ಯಾನದ ಒಳಗೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಮೊದಲ ಸಲ ಗುಡ್ಡ ಹತ್ತುವವರಿಗೆ ಇದನ್ನು ಹೇಳುವುದಿಲ್ಲ. ಮೊದಲು ಎತ್ತಿನ ಭುಜ ಹತ್ತಿ ನೋಡಿ. ಎತ್ತು ತಲೆ ತಗ್ಗಿಸಿ ನಿಂತಾಗ ಮೇಲೇಳುವ ಹಿಣಿಲಿನ ಹಾಗೆ ಕಾಣುವ ಬಂಡೆ ಅದು. ಕೊನೆಯ ಬಂಡೆಯ ಭಾಗ ಬಿಟ್ಟರೆ ದಾರಿ ಸಲೀಸು.

ಬೇಸಿಗೆಯಲ್ಲಿ ಚಾರಣ ಯಾಕೆ ಮುಚ್ಚುತ್ತಾರೆ? ಅಷ್ಟು ದೂರದಿಂದ ಬಂದಿರುತ್ತೇವೆ.

ಬೆಂಕಿಯ ಭಯ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಕಾಗದದಂತೆ ಆಗಿರುತ್ತದೆ. ಒಂದು ಬೀಡಿ ತುಂಡು ಸಾಕು. ಗುಡ್ಡದ ಬೆಂಕಿ ಗಾಳಿಯ ಜೊತೆ ಏಣಿನ ಮೇಲಕ್ಕೆ ಹತ್ತುವ ವೇಗಕ್ಕೆ ಮನುಷ್ಯ ಓಡಲಾರ. ಒಮ್ಮೆ ನಮ್ಮೂರಿನ ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹಸಿ ಸೊಪ್ಪು ಹಿಡಿದು ಹೊಡೆಯಲು ಹೋಗಿದ್ದೆ. ಮಾರನೇ ದಿನ ನೋಡಿದರೆ ಬೂದಿಯ ನಡುವೆ ಒಂದು ಹಕ್ಕಿಗೂಡು, ಒಳಗೆ ಮೂರು ಮೊಟ್ಟೆ, ಬೆಂದು ಸಿಪ್ಪೆ ಒಡೆದಿದ್ದವು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಆ ಹುಲ್ಲೇ ಮನೆ. ಚಾರಣ ಮುಚ್ಚಿದ್ದಾರೆ ಅಂದರೆ ವಾದ ಮಾಡಬೇಡಿ. ಆ ದಿನಗಳಲ್ಲಿ ತೋಟದ ದಾರಿಗಳಿವೆ, ಭದ್ರಾ ಹಿನ್ನೀರು ಇದೆ. ಲಕ್ಕವಳ್ಳಿಯ ಹತ್ತಿರ ಬೇಸಿಗೆಯಲ್ಲಿ ನೀರಿಳಿದಾಗ ಎದ್ದು ಬರುವ ನಡುಗಡ್ಡೆಯ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾಲು ಸಾಲಾಗಿ ಮೊಟ್ಟೆ ಇಡುವುದನ್ನು ದೋಣಿಯಿಂದ ನೋಡಬಹುದು.

ನೀಲಕುರಿಂಜಿ ಮುಂದೆ ಯಾವಾಗ ಅರಳುತ್ತದೆ?

ಹಲವು ವರ್ಷಕ್ಕೊಮ್ಮೆ ಗುಡ್ಡ ತುಂಬ ನೀಲಿ ಹೂ ಬಿಡುವ ಗಿಡ ಇದು, ನಮ್ಮಲ್ಲಿ ಇದನ್ನು ಗುರಿಗೆ ಅನ್ನುತ್ತಾರೆ. 2022ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚಂದ್ರದ್ರೋಣ ಸಾಲಿನಲ್ಲಿ ಅರಳಿದಾಗ ಇಡೀ ರಾಜ್ಯವೇ ಇತ್ತ ಹರಿದು ಬಂತು. ಅದಕ್ಕೆ ಹಿಂದಿನ ವರ್ಷ, 2021ರಲ್ಲಿ, ಕೊಡಗಿನ ಮಾಂದಲ್‌ಪಟ್ಟಿಯಲ್ಲಿ ಅರಳಿತ್ತು. ಅದು ಇದೇ ಕುಲದ ಬೇರೆ ಜಾತಿ.

ಜನ ತಪ್ಪು ತಿಳಿಯುವುದು ಇಲ್ಲಿಯೇ. ಕುರಿಂಜಿ ಅಂದರೆ ಒಂದೇ ಗಿಡ ಅಲ್ಲ. ಇದರಲ್ಲಿ ಹಲವು ಜಾತಿ ಇವೆ, ಒಂದೊಂದರ ಲೆಕ್ಕ ಒಂದೊಂದು. ಕೆಲವಕ್ಕೆ ಏಳು ವರ್ಷ, ಹೆಸರಾದ ನೀಲಕುರಿಂಜಿಗೆ ಹನ್ನೆರಡು. ಜೊತೆಗೆ ಎಲ್ಲ ಗುಡ್ಡದ ಗಿಡಗಳೂ ಒಂದೇ ವರ್ಷ ಹುಟ್ಟಿದವಲ್ಲ. ಹಾಗಾಗಿ ಒಂದು ಗುಡ್ಡ ನೀಲಿಯಾದ ವರ್ಷ ಪಕ್ಕದ ಗುಡ್ಡ ಹಸಿರಾಗಿಯೇ ಇರಬಹುದು. 2022ರಲ್ಲಿ ಅರಳಿದ ಗಿಡಗಳ ಮಕ್ಕಳು ಅರಳಬೇಕಾದರೆ 2034 ಬರಬೇಕು. ಅಲ್ಲಿಯ ತನಕ ಏನೂ ಇಲ್ಲ ಅಂತಲ್ಲ, ಬೇರೆ ಇಳಿಜಾರಿನಲ್ಲಿ ಬೇರೆ ಜಾತಿಯವು ಅಲ್ಲಲ್ಲಿ ಸಿಗುತ್ತಲೇ ಇರುತ್ತವೆ.

ಅರಳಿದ ವರ್ಷ ಒಂದು ಗಿಡದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿ. ದೂರದಿಂದ ನೀಲಿ ಕಂಬಳಿ ಹೊದಿಸಿದಂತೆ ಕಂಡದ್ದು ಹತ್ತಿರದಲ್ಲಿ ತೆಳು ನೇರಳೆ. ಹೂವು ಗಂಟೆಯ ಆಕಾರ, ಹೆಬ್ಬೆಟ್ಟಿನ ತುದಿಯಷ್ಟು. ಎಲೆ ಮುಟ್ಟಿದರೆ ಒರಟು. ಜೇನುಹುಳಗಳು ಎಷ್ಟು ಮುತ್ತಿರುತ್ತವೆ ಅಂದರೆ ಗುಡ್ಡವೇ ಗುನುಗಿದ ಹಾಗೆ ಕೇಳುತ್ತದೆ. ಬೀಜ ಕಟ್ಟಿ ಉದುರಿಸಿದ ಮೇಲೆ ಗಿಡ ಸಾಯುತ್ತದೆ. ಬದುಕಿನಲ್ಲಿ ಅದು ಬೀಜ ಮಾಡುವುದು ಒಂದೇ ಸಲ. ನೀವು ಒಂದು ಗೊಂಚಲು ಕಿತ್ತರೆ ಹನ್ನೆರಡು ವರ್ಷದ ಕೆಲಸ ಕಿತ್ತ ಹಾಗೆ. 2022ರಲ್ಲಿ ಫೋಟೋಗೆ ಅಂತ ಗಿಡಗಳ ನಡುವೆ ಮಲಗಿ ಉರುಳಿದ ಜಾಗಗಳನ್ನು ನಾನು ನೋಡಿದ್ದೇನೆ. ಆ ಚಪ್ಪಟೆ ಗುರುತು ಇನ್ನೂ ಕಣ್ಣ ಮುಂದೆ ಇದೆ.

ಉಂಬಳ ಕಚ್ಚಿದರೆ ಏನು ಮಾಡೋದು?

ಗಾಬರಿ ಬೀಳಬೇಡಿ. ಮೊದಲ ಮಾತು ಇದು. ಉಂಬಳದಿಂದ ರೋಗ ಹರಡಿದ್ದನ್ನು ನಾವ್ಯಾರೂ ಇಲ್ಲಿ ಕಂಡಿಲ್ಲ. ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಬಿಡುತ್ತದೆ, ಅದಕ್ಕೇ ಅದು ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ನೋಡಲು ಭಯ, ನಿಜವಾಗಿ ಹೋಗುವ ರಕ್ತ ಬಹಳ ಕಡಿಮೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಡಿನ ದಾರಿಯಲ್ಲಿ ಇವು ಇದ್ದೇ ಇರುತ್ತವೆ. ಎಲೆಯ ತುದಿಯಲ್ಲಿ ದಾರದ ತುಂಡಿನಂತೆ ನೆಟ್ಟಗೆ ನಿಂತು, ನಮ್ಮ ಉಸಿರಿನ ಬಿಸಿ, ಕಾಲಿನ ಸದ್ದು ಹಿಡಿದು ಆ ಕಡೆ ಈ ಕಡೆ ತೂಗುತ್ತಿರುತ್ತವೆ. ಒಂದೇ ಕಡೆ ನಿಂತವರಿಗೆ ಜಾಸ್ತಿ ಹತ್ತುತ್ತವೆ. ಸಾಲಿನಲ್ಲಿ ನಡೆಯುವಾಗ ಹಿಂದಿನವರಿಗೂ ಜಾಸ್ತಿ.

ಉದ್ದ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ. ಹೊಗೆಸೊಪ್ಪು ನೆನೆಸಿದ ನೀರನ್ನೋ ಸುಣ್ಣವನ್ನೋ ಸಾಕ್ಸಿಗೆ ಹಚ್ಚಿಕೊಳ್ಳುವುದು ನಮ್ಮ ತೋಟದ ಕೆಲಸದವರ ಪದ್ಧತಿ, ಚೆನ್ನಾಗಿ ನಡೆಯುತ್ತದೆ. ಕಚ್ಚಿದ್ದರೆ ಎಳೆದು ಕೀಳಬೇಡಿ, ಉಗುರನ್ನು ಬಾಯಿಯ ಬುಡಕ್ಕೆ ಜಾರಿಸಿ ಬಿಡಿಸಿ. ಗಾಯವನ್ನು ಸೋಪಿನಲ್ಲಿ ತೊಳೆದು, ಹತ್ತಿ ಒತ್ತಿ ಹಿಡಿಯಿರಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮಾತ್ರ ಮಳೆಗಾಲದ ಕಾಡು ನಡಿಗೆಗೆ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಮಳೆಗಾಲದಲ್ಲಿ ಮಂಜು ಬಿಟ್ಟರೆ ನೋಡೋಕೆ ಏನಿದೆ?

ಕೂತು ನೋಡುವ ತಾಳ್ಮೆ ಇದ್ದರೆ ಬೇಕಾದಷ್ಟು. ಬೆಳಗಿನ ಜಾವ ಹಳ್ಳದ ಕಡೆಯಿಂದ ಯಾರೋ ಹುಡುಗ ದಾರಿ ತಪ್ಪಿದ ರಾಗದಲ್ಲಿ ಸಿಳ್ಳೆ ಹಾಕಿದ ಹಾಗೆ ಕೇಳುತ್ತದೆ, ಅದು ಮಲಬಾರ್ ಸಿಳ್ಳಾರ. ಕಡುನೀಲಿ ಮೈ, ಹೆಗಲ ಮೇಲೆ ಹೊಳೆಯುವ ನೀಲಿ ಪಟ್ಟಿ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯಂಥ ಉಂಡೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಮರಿ ಹೊರಬಂದಾಗ ನೇರ ಕೆಳಗಿನ ನೀರಿಗೆ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿಯದು ಕುಣಿಯುವ ಕಪ್ಪೆ. ನಮ್ಮ ಪಕ್ಕದ ಕೊಟ್ಟಿಗೆಹಾರದ ಹೆಸರನ್ನೇ ಅದರ ಒಂದು ಜಾತಿಗೆ ಇಟ್ಟಿದ್ದಾರೆ. ಜಡಿಮಳೆ ಇಳಿದು ಹಳ್ಳ ತಿಳಿಯಾದ ಮೇಲೆ ನೋಡಬೇಕು. ಎರಡು ಬೆರಳಷ್ಟೂ ಇಲ್ಲದ ಕಂದು ಕಪ್ಪೆ, ಒದ್ದೆ ಕಲ್ಲಿನ ಮೇಲೆ ಕೂತರೆ ಕಲ್ಲೇ ಅನ್ನಿಸುತ್ತದೆ. ನೀರಿನ ಸದ್ದಿನಲ್ಲಿ ಕೂಗು ಯಾರಿಗೆ ಕೇಳಬೇಕು? ಅದಕ್ಕೆ ಗಂಡು ಕಪ್ಪೆ ಹಿಂಗಾಲನ್ನು ನಿಧಾನಕ್ಕೆ ಪಕ್ಕಕ್ಕೆ ಚಾಚಿ, ಬೆರಳುಗಳ ನಡುವಿನ ಬಿಳಿಚ ಪೊರೆಯನ್ನು ಬಿಡಿಸಿ ಬಾವುಟದಂತೆ ತೋರಿಸುತ್ತದೆ. ಆಮೇಲೆ ಮಡಚುತ್ತದೆ. ಇನ್ನೊಂದು ಕಲ್ಲಿನ ಮೇಲಿನ ಗಂಡು ಅದಕ್ಕೆ ಉತ್ತರ ಕೊಡುತ್ತದೆ. ಮೊದಲ ಸಲ ನೋಡಿದಾಗ ನನಗೆ ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ. ಈ ಹಳ್ಳಗಳಲ್ಲಿ ಸೋಪು, ಶಾಂಪೂ ಹಾಕಿ ಸ್ನಾನ ಮಾಡಬೇಡಿ ಅಂತ ನಾನು ಪ್ರತಿಯೊಬ್ಬರಿಗೂ ಹೇಳುವುದು ಇದಕ್ಕೇ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ.

ಗುಡ್ಡದ ಮೇಲೆ ಮಂಜು ಕವಿದರೆ?

ನಿಂತುಬಿಡಿ. ಗುಂಪು ಬಿಡಬೇಡಿ.

ಕೆಲವು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ನಾವು ಐದು ಜನ ಒಂದು ಏಣಿನ ಮೇಲಿದ್ದೆವು. ಎರಡು ನಿಮಿಷದಲ್ಲಿ ಕಣಿವೆಯಿಂದ ಮಂಜು ಎದ್ದು, ಮುಂದೆ ಹೋಗುತ್ತಿದ್ದವರ ಬೆನ್ನಿನ ಚೀಲ ಕೂಡ ಕಾಣದಾಯಿತು. ನಮ್ಮಲ್ಲೊಬ್ಬರು ದಾರಿ ಗೊತ್ತು ಅಂತ ಹತ್ತು ಹೆಜ್ಜೆ ಇಳಿದರು. ಕೂಗಿದರೆ ದನಿ ಎಲ್ಲ ಕಡೆಯಿಂದ ಬಂದ ಹಾಗೆ ಕೇಳುತ್ತಿತ್ತು. ಅವರು ಅಲ್ಲೇ ಕೂತರು, ನಾವು ಇಲ್ಲೇ ಕೂತೆವು, ಐದೈದು ನಿಮಿಷಕ್ಕೆ ಸಿಳ್ಳೆ ಹಾಕುತ್ತಾ. ಒಂದೂವರೆ ಗಂಟೆಯ ಮೇಲೆ ಮಂಜು ಹರಿದಾಗ ನೋಡಿದರೆ ಅವರ ಕಾಲಿನಿಂದ ನಾಲ್ಕು ಮಾರಿಗೆ ಬಂಡೆ ಮುಗಿದು ಪ್ರಪಾತ. ಅವತ್ತಿನಿಂದ ಪ್ರತಿಯೊಬ್ಬರ ಕುತ್ತಿಗೆಗೆ ಒಂದು ಪ್ಲಾಸ್ಟಿಕ್ ಸಿಳ್ಳೆ ಹಾಕಿಸುತ್ತೇನೆ. ಚೀಲದಲ್ಲಿ ಒಂದು ಬೆಚ್ಚನೆ ಬಟ್ಟೆ, ಟಾರ್ಚು, ಬೆಲ್ಲ, ಕಡಲೆಬೀಜ ಇದ್ದೇ ಇರುತ್ತದೆ.

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚು ಜಾಸ್ತಿ. ಮೋಡ ಕಪ್ಪಾಗುತ್ತಿದ್ದರೆ ತುದಿ ಮುಟ್ಟುವ ಆಸೆ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಹಕ್ಕಿ ನೋಡೋಕೆ ದೊಡ್ಡ ಕ್ಯಾಮೆರಾ ಬೇಕಾ?

ಬೇಡ. ಎಂಟು ಪಟ್ಟು ಹತ್ತಿರ ತೋರಿಸುವ 8x42 ದುರ್ಬೀನು ಸಾಕು, ಅದಕ್ಕಿಂತ ಮುಖ್ಯ ಬೆಳಿಗ್ಗೆ ಬೇಗ ಏಳುವುದು. ಆರೂವರೆಯಿಂದ ಒಂಬತ್ತರವರೆಗೆ ತೋಟದ ದಾರಿಯಲ್ಲಿ ನಿಧಾನಕ್ಕೆ ನಡೆಯಿರಿ. ನೆರಳಿನ ಮರಗಳನ್ನು ಉಳಿಸಿಕೊಂಡ ಹಳೆಯ ಕಾಫಿ ತೋಟದಲ್ಲಿ ಕಾಡಿನಲ್ಲಿ ಸಿಗುವಷ್ಟೇ ಹಕ್ಕಿ ಸಿಗುತ್ತವೆ: ಪಿಕಳಾರ, ಕುಟ್ರುಹಕ್ಕಿ, ಬಾಲಕ್ಕೆ ಎರಡು ಗರಿ ತೂಗಿಕೊಂಡ ಭೀಮರಾಜ, ಮಲೆ ಮಂಗಟ್ಟೆ. ದೊಡ್ಡ ಮಂಗಟ್ಟೆ ಹಾರಿದರೆ ತಲೆ ಎತ್ತುವ ಮೊದಲೇ ಗೊತ್ತಾಗುತ್ತದೆ, ರೆಕ್ಕೆಯ ಸದ್ದು ಉಗಿಬಂಡಿಯಂತೆ ಹೋಗುತ್ತದೆ. ಬೇಸಿಗೆ ಹತ್ತಿರವಾದಾಗ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಕೊಡುತ್ತದೆ. ಆ ಕಾಲದಲ್ಲಿ ಗೂಡಿನ ಮರದ ಬುಡದಲ್ಲಿ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿನವರಿಗೆ ಉಪವಾಸ. ದೂರ ಇರಿ.

ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಅತಿಥಿಗಳು ಬರುತ್ತಾರೆ. ಬೂದು ಸಿಪಿಲೆ ಸೆಪ್ಟೆಂಬರಿನಲ್ಲೇ ರಸ್ತೆಯ ಮೇಲೆ ಬಾಲ ಕುಣಿಸುತ್ತಾ ಓಡಾಡುತ್ತದೆ. ನವರಂಗ ಆಮೇಲೆ ಬರುತ್ತದೆ, ಮುಸ್ಸಂಜೆಗೆ ಪೊದೆಯೊಳಗಿಂದ ಎರಡು ಸಲ ಸಿಳ್ಳೆ ಹಾಕುತ್ತದೆ. ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಕಲಿಯಲು ಚೆನ್ನಾಗಿದೆ. ಆದರೆ ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂತ ಅದು ಕಂಗಾಲಾಗುತ್ತದೆ.

ಆನೆ, ಹುಲಿ, ಹಾವು ಎದುರಾದರೆ?

ಹುಲಿ ಕಾಣಬೇಕಾದರೆ ಭದ್ರಾ ಹುಲಿ ಮೀಸಲಿನ ಸಫಾರಿಗೆ ಹೋಗಿ ಅದೃಷ್ಟ ನೋಡಬೇಕು. ಗುಡ್ಡದ ಮೇಲೆ ಕಾಟಿ (ಕಾಡುಕೋಣ), ಕಡವೆ ದೂರದಲ್ಲಿ ಕಾಣಬಹುದು. ಕುದುರೆಮುಖದ ಕಾಡಿನಲ್ಲಿ ಸಿಂಗಳೀಕ ಇದೆ: ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೂದಲು, ಸಿಂಹದಂಥ ಬಾಲ. ಮರದ ಮೇಲೇ ಬದುಕುವ ಪ್ರಾಣಿ. ರಸ್ತೆ ಬದಿ ಬಿಸ್ಕತ್ತು ಹಾಕಿ ಅದನ್ನು ನೆಲಕ್ಕೆ ಇಳಿಸಿದರೆ ವಾಹನದ ಚಕ್ರಕ್ಕೆ ಕೊಟ್ಟ ಹಾಗೆ.

ನಿಜವಾದ ಎಚ್ಚರ ಬೇಕಿರುವುದು ಆನೆಯ ವಿಷಯದಲ್ಲಿ. ಮೂಡಿಗೆರೆ, ಆಲ್ದೂರು ಕಡೆ ಆನೆಗಳು ತೋಟದಲ್ಲೇ ಓಡಾಡುತ್ತವೆ. ನಮ್ಮವರು ಪ್ರಾಣ ಕಳೆದುಕೊಂಡಿದ್ದಾರೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲು, ಸಂಜೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಬೇಡಿ. ಉಳಿದುಕೊಂಡ ಮನೆಯವರನ್ನು ಕೇಳಿ, ಇವತ್ತು ಆನೆ ಎಲ್ಲಿದೆ ಅಂತ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ ಬಂದಿರುತ್ತದೆ.

ಹಾವು ಕಂಡರೆ ನಿಂತು, ಅದು ಹೋಗಲು ದಾರಿ ಬಿಡಿ. ಮಳೆಗಾಲದಲ್ಲಿ ಗುಳಿಮಂಡಲ ಸೊಂಟದ ಎತ್ತರದ ಕೊಂಬೆಯ ಮೇಲೆ ಅಲುಗಾಡದೆ ಕೂತಿರುತ್ತದೆ, ನೋಡದೆ ಕೊಂಬೆ ಹಿಡಿಯಬೇಡಿ.

ಮಂಗನ ಕಾಯಿಲೆ ಅಂತಾರಲ್ಲ, ಭಯ ಪಡಬೇಕಾ?

ಭಯ ಬೇಡ, ಆದರೆ ಹಗುರವಾಗಿ ತಗೊಳ್ಳಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗು ಕಚ್ಚುವುದರಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯೂ ಕಾಣಿಸಿಕೊಳ್ಳುತ್ತದೆ.

ಮೈ ತುಂಬ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ. ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಊರಿನವರು ಹಚ್ಚಿಕೊಂಡು ಕಾಡಿಗೆ ಹೋಗುತ್ತಾರೆ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆರೋಗ್ಯ ಇಲಾಖೆಗೋ ತಿಳಿಸಿ. ಊರಿಗೆ ಮರಳಿದ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮಲೆನಾಡಿನ ಕಾಡಿನಲ್ಲಿ ನಡೆದಿದ್ದೆ ಅಂತ ಹೇಳಲೇಬೇಕು. ಬೆಂಗಳೂರಿನ ವೈದ್ಯರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ಮಕ್ಕಳನ್ನು, ಅಪ್ಪ ಅಮ್ಮನನ್ನು ಕರೆದುಕೊಂಡು ಬರಬಹುದಾ?

ಖಂಡಿತ ಬನ್ನಿ. ಮಕ್ಕಳಿಗೆ ತುದಿ ಬೇಕಿಲ್ಲ, ಒಂದು ಹಳ್ಳ, ಒಂದು ಭೂತಗನ್ನಡಿ ಸಾಕು. ಹಿರಿಯರಿಗೆ ಕೆಮ್ಮಣ್ಣುಗುಂಡಿ ಹಿತ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಇರುತ್ತಿದ್ದ ಜಾಗ ಅದು, ಈಗ ತೋಟಗಾರಿಕೆ ಇಲಾಖೆಯದು. ಹೂದೋಟದಲ್ಲಿ ಕೂತೇ ಕಣಿವೆ ನೋಡಬಹುದು. ಮಂಡಿ ಗಟ್ಟಿ ಇರುವವರು ಜೆಡ್ ಪಾಯಿಂಟ್ ಅನ್ನುವ ನೋಟದ ಜಾಗದವರೆಗೆ ನಡೆಯಲಿ.

ಶೂ, ಬಟ್ಟೆ ಏನು ತರಬೇಕು?

ತಳದಲ್ಲಿ ಹಲ್ಲು ಚೆನ್ನಾಗಿರುವ ಶೂ, ಬೇಗ ಒಣಗುವ ಪ್ಯಾಂಟು, ಎರಡು ಜೊತೆ ಸಾಕ್ಸ್. ಜೀನ್ಸ್ ಬೇಡ, ನೆಂದರೆ ಕಲ್ಲಿನ ಭಾರ. ಗಿರಿಯ ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ರೈನ್‌ಕೋಟು ತನ್ನಿ. ಏಪ್ರಿಲ್‌ನಲ್ಲೂ ಒಂದು ಸ್ವೆಟರ್ ಇರಲಿ.

ದೇವೀರಮ್ಮನ ಬೆಟ್ಟಕ್ಕೆ ಯಾವಾಗ ಬೇಕಾದರೂ ಹೋಗಬಹುದಾ?

ಇಲ್ಲ. ಮಲ್ಲೇನಹಳ್ಳಿಯ ಹತ್ತಿರ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ಹತ್ತುವುದು ದೀಪಾವಳಿಯ ನರಕ ಚತುರ್ದಶಿಯ ಸಮಯಕ್ಕೆ ಮಾತ್ರ. ಸಾವಿರಾರು ಜನ ರಾತ್ರಿಯೇ ಶುರು ಮಾಡಿ, ಬಹಳ ಮಂದಿ ಬರಿಗಾಲಿನಲ್ಲಿ, ಟಾರ್ಚಿನ ಬೆಳಕಿನಲ್ಲಿ ಹತ್ತುತ್ತಾರೆ. ಹರಕೆ ಹೊತ್ತವರು ಸೌದೆ ಹೊತ್ತು ಹೋಗುತ್ತಾರೆ. ಕೆಳಗಿನಿಂದ ನೋಡಿದರೆ ಬೆಳಕಿನ ಸಾಲು ಬೆಟ್ಟದ ಮೈಮೇಲೆ ಹರಿದಾಡುತ್ತದೆ. ಇದು ಚಾರಣ ಅಲ್ಲ, ಹರಕೆ. ಹಾಗೆಂದು ತಿಳಿದು ಬನ್ನಿ. ಹಿಂಗಾರು ಮಳೆ ಬಿದ್ದಿದ್ದರೆ ಮಣ್ಣು ಬಹಳ ಜಾರುತ್ತದೆ.

ಗುಡ್ಡದ ಮೇಲೆ ಬರೀ ಹುಲ್ಲು. ಮರ ಯಾಕೆ ನೆಡೋದಿಲ್ಲ? ಜೀಪ್ ಓಡಿಸಿದರೆ ಏನಾಗುತ್ತೆ?

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎಷ್ಟು ಹೊತ್ತಾದರೂ ಸರಿ.

ಆ ಹುಲ್ಲು ಮರ ಕಡಿದು ಆದದ್ದಲ್ಲ. ಎತ್ತರದ ಗಾಳಿಗೆ, ತೆಳು ಮಣ್ಣಿಗೆ ಒಗ್ಗಿ ಬಂದ ಹುಲ್ಲುಗಾವಲು ಅದು. ಗಾಳಿ ತಾಗದ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಶೋಲಾ ಕಾಡು ಇರುತ್ತದೆ. ಇವೆರಡೂ ಸೇರಿ ಒಂದು ಜೋಡಿ. ಮಳೆಗಾಲದಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದು ನೀರನ್ನು ಒಳಗೆ ಇಳಿಸುತ್ತದೆ. ಶೋಲಾದ ಕೆಳಗಿನ ಎಲೆಗೊಬ್ಬರದ ಮಣ್ಣು ಸ್ಪಂಜಿನಂತೆ ಹಿಡಿದಿಟ್ಟುಕೊಂಡು, ಮಳೆ ನಿಂತ ಎಷ್ಟೋ ತಿಂಗಳ ಮೇಲೂ ಹನಿ ಹನಿಯಾಗಿ ಬಿಡುತ್ತದೆ. ಜನವರಿಯಲ್ಲಿ ಯಾವುದಾದರೂ ಶೋಲಾದ ಅಂಚಿಗೆ ಹೋಗಿ ತರಗೆಲೆಯ ಕೆಳಗೆ ಬೆರಳು ಇಡಿ, ತಣ್ಣಗೆ ಒದ್ದೆ ತಾಗುತ್ತದೆ.

ಆ ಹನಿಗಳೇ ಹೊಳೆ. ತುಂಗಾ, ಭದ್ರಾ ಹುಟ್ಟುವುದು ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ. ನೇತ್ರಾವತಿ ಅದೇ ಸಾಲಿನಿಂದ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಕಾವೇರಿಗೆ ಹೋಗುತ್ತದೆ. ಬಾಬಾಬುಡನ್‌ಗಿರಿಯ ಸಾಲಿನಿಂದ ಇಳಿಯುವ ವೇದಾ, ಅವತಿ ಕಡೂರಿನ ಕಡೆ ಸೇರಿ ವೇದಾವತಿಯಾಗಿ, ಬಯಲುಸೀಮೆಯ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. 2022ರಲ್ಲಿ ಆ ಕೆರೆ 89 ವರ್ಷದ ಮೇಲೆ ಕೋಡಿ ಬಿದ್ದಾಗ ಹಿರಿಯೂರಿನ ಜನ ಜಾತ್ರೆಯಂತೆ ನೋಡಲು ಬಂದರು. ಅದೇ ಸೆಪ್ಟೆಂಬರಿನಲ್ಲಿ ಇಲ್ಲಿ ಕುರಿಂಜಿ ಅರಳಿತ್ತು.

ಹಿಂದೆ ಎಷ್ಟೋ ಕಡೆ ಬಂಜರು ಅಂತ ತಿಳಿದು ಹುಲ್ಲುಗಾವಲಿನಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರು. ಅದರ ಕೆಳಗೆ ಈಗ ಹುಲ್ಲೂ ಇಲ್ಲ, ಹೂವೂ ಇಲ್ಲ. ಜೀಪಿನ ವಿಷಯ ಇನ್ನೂ ಸರಳ. ಮಳೆಯಲ್ಲಿ ಚಕ್ರ ಒಂದು ಸಲ ಹುಲ್ಲು ಹರಿದರೆ ಆ ಗೀರಿನಲ್ಲಿ ನೀರು ಹರಿಯುತ್ತದೆ, ಮುಂದಿನ ಮಳೆಗೆ ಅದು ಮೊಣಕಾಲಿನಾಳದ ಕೊರಕಲು. ಬೈಕಿನವರು ಗಿರಿಯ ಇಳಿಜಾರಿನಲ್ಲಿ ಮಾಡಿದ ಅಂಥ ಗೀರುಗಳನ್ನು ರಸ್ತೆಯಿಂದಲೇ ನೋಡಬಹುದು. ಇರುವ ದಾರಿಯಲ್ಲೇ ನಡೆಯಿರಿ, ಅಡ್ಡದಾರಿ ಮಾಡಬೇಡಿ.

ಡ್ರೋನ್, ಕ್ಯಾಂಪ್‌ಫೈರ್, ಸ್ಪೀಕರ್?

ಕಾಡಿನಲ್ಲಿ ಮೂರೂ ಬೇಡ. ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಿರಿ, ಕಿತ್ತಳೆ ಸಿಪ್ಪೆಯನ್ನೂ.

ಊಟಕ್ಕೆ ಏನು ಸಿಗುತ್ತೆ?

ಮಳೆಗಾಲಕ್ಕೆ ಬಂದರೆ ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ ಕೇಳಿ ಮಾಡಿಸಿಕೊಳ್ಳಿ. ಕಾಡಿನ ಅಣಬೆಯನ್ನು ನೀವೇ ಕಿತ್ತು ತಿನ್ನುವ ಸಾಹಸ ಮಾತ್ರ ಮಾಡಬೇಡಿ, ಊರಿನವರೂ ಗೊತ್ತಿರುವ ಹುತ್ತದ ಅಣಬೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಾಫಿ ಬಗ್ಗೆ ಹೇಳಲೇಬೇಕಾಗಿಲ್ಲ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನೆಟ್ಟರು ಅನ್ನುವ ಗಿರಿಯ ತಪ್ಪಲಲ್ಲೇ ಕೂತು ಕುಡಿಯುತ್ತೀರಿ. ಬೆಲ್ಲ ಹಾಕಿದ ಕರಿ ಕಾಫಿ ಒಮ್ಮೆ ಕೇಳಿ ನೋಡಿ.

ಒಂದು ಸಲ ಬಂದಾಯ್ತು. ಮತ್ತೆ ಅದೇ ಗುಡ್ಡಕ್ಕೆ ಯಾಕೆ ಬರಬೇಕು?

ಅದೇ ಗುಡ್ಡ ಅಲ್ಲ, ಅದಕ್ಕೆ. ಬೆಂಗಳೂರಿನ ಒಂದು ಕುಟುಂಬ ಆರು ವರ್ಷದಿಂದ ಎತ್ತಿನ ಭುಜದ ಒಂದೇ ದಾರಿಗೆ ಬೇರೆ ಬೇರೆ ತಿಂಗಳಲ್ಲಿ ಬರುತ್ತಿದೆ. ಮಗಳು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾಳೆ. ದಿನಾಂಕ, ಮೋಡ, ಯಾವ ಮರ ಚಿಗುರಿತ್ತು, ಸಿಪಿಲೆ ಬಂದಿತ್ತಾ, ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂ ಬಿಟ್ಟಿತ್ತಾ ಅಂತ ಬರೆಯುತ್ತಾಳೆ. ನೀವೂ ಹಾಗೆ ಬರೆದಿಡಿ. ಬೇಕಿದ್ದರೆ ಮರಗಳ ಚಿಗುರು, ಹೂವು, ಹಣ್ಣಿನ ಲೆಕ್ಕವನ್ನು ಸೀಸನ್‌ವಾಚ್ ಅನ್ನುವ ಜಾಲತಾಣಕ್ಕೆ, ಹಕ್ಕಿಯದ್ದನ್ನು ಇಬರ್ಡ್ ಜಾಲತಾಣಕ್ಕೆ ಸೇರಿಸಿ, ಸಂಶೋಧಕರಿಗೆ ಉಪಯೋಗ ಆಗುತ್ತದೆ.

ಹೋದ ಸಲ ಬಂದಾಗ ಆ ಹುಡುಗಿ ದಾರಿಯ ಮೂರನೇ ತಿರುವಿನ ನೇರಳೆ ಮರದ ಹತ್ತಿರ ನಿಂತು, ಹಿಂದಿನ ಪುಟ ತಿರುಗಿಸಿ, "ಅಂಕಲ್, ಹೋದ ವರ್ಷ ಈ ದಿನ ಇದು ಪೂರ್ತಿ ಹೂ ಬಿಟ್ಟಿತ್ತು, ಈಗ ಮೊಗ್ಗು ಕೂಡ ಇಲ್ಲ" ಅಂದಳು. ದಿನಾ ಅದೇ ಮರದ ಕೆಳಗೆ ಓಡಾಡುವ ನಾನು ಅದನ್ನು ಗಮನಿಸಿರಲಿಲ್ಲ. ಈಗ ನಾನೂ ಒಂದು ನೋಟ್‌ಬುಕ್ ತಂದಿದ್ದೇನೆ.